ಊರ ಹೊಗೆ, ಮನೆಯ ಒಲೆ

ತರ್ಕಶಾಸ್ತ್ರದ ಮೊದಲ ಪಾಠ ಓದಿದವರಿಗೆಲ್ಲ ಹೊಗೆಯ ಪರಿಚಯ ಇದ್ದೇ ಇರುತ್ತದೆ. ದೂರದ ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ; ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ; ಆದ್ದರಿಂದ ಆ ಬೆಟ್ಟದಲ್ಲಿ ಬೆಂಕಿ ಇದೆ. ಅನುಮಾನವೆಂಬ ಪ್ರಮಾಣವನ್ನು ವಿವರಿಸಲು ನಮ್ಮ ನೈಯಾಯಿಕರು ತಲೆತಲಾಂತರದಿಂದ ಹೇಳಿಕೊಂಡು ಬಂದ ಉದಾಹರಣೆ ಇದು. ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆಂದು ನಿಮಗೆ ಹೇಗೆ ಗೊತ್ತು ಸ್ವಾಮಿ ಎಂದು ಯಾರಾದರೂ ಕೇಳಿದರೆ ಅದಕ್ಕೂ ಅವರಲ್ಲಿ ಉತ್ತರ ಸಿದ್ಧವಾಗಿದೆ: ಅಡುಗೆಮನೆಯಲ್ಲಿ ನೋಡಿದ ಹಾಗೆ. ಪಂಡಿತರ ವಾದ ಎಷ್ಟೇ ಎತ್ತರಕ್ಕೆ ಏರಿದರೂ ಸಾಕ್ಷಿ ಬೇಕಾದಾಗ ಕೆಳಗಿಳಿದು ಅಡುಗೆಮನೆಯ ಬಾಗಿಲಿಗೇ ಬರಬೇಕಾಯಿತು ಎಂಬುದು ನನಗೆ ಯಾವಾಗಲೂ ಖುಷಿ ಕೊಟ್ಟ ಸಂಗತಿ.

ನಗರಗಳು ತಮ್ಮ ಮೇಲೆ ಕವಿದ ಹೊಗೆಯನ್ನು ಓಡಿಸಲು ಪಟ್ಟ ಪಾಡಿನ ಚರಿತ್ರೆಯನ್ನು ಓದುವಾಗ ಈ ದೃಷ್ಟಾಂತ ಮತ್ತೆ ಮತ್ತೆ ನೆನಪಾಗುತ್ತದೆ. ಪಟ್ಟಣದ ಆಡಳಿತಗಳು ಆಕಾಶದಲ್ಲಿ ಹೊಗೆ ಕಂಡವು. ಅಲ್ಲಿಂದ ಕಾರ್ಖಾನೆಯ ಚಿಮಣಿಯವರೆಗೆ ಅನುಮಾನ ಮಾಡಿ ನಿಂತುಬಿಟ್ಟವು. ಅಡುಗೆಮನೆಯ ತನಕ ಬರಲಿಲ್ಲ. ಕೆಲವು ಊರುಗಳು ಮಾತ್ರ, ಅದೂ ಬಹಳ ತಡವಾಗಿ, ಮನೆಯ ಒಲೆಯ ಎದುರು ಕೂತು ಯೋಚಿಸಿದವು. ಹೊಗೆ ಕರಗಿದ್ದು ಆ ಊರುಗಳಲ್ಲಿ.

ನಮ್ಮ ಕಡೆಯವರಿಗೆ ಹೊಗೆ ಶತ್ರುವೇನೂ ಆಗಿರಲಿಲ್ಲ. ಒಲೆಯ ಮೇಲಣ ಅಟ್ಟದಲ್ಲಿ ಬೀಜದ ಕಾಳು, ಮೆಣಸು, ಹುಣಿಸೆಹಣ್ಣು, ಮಳೆಗಾಲಕ್ಕೆಂದು ಕೂಡಿಟ್ಟ ಸೌದೆ ಎಲ್ಲವೂ ಹೊಗೆ ಕುಡಿದು ಕೆಡದೆ ಉಳಿಯುತ್ತಿದ್ದವು. ಮಾಡಿನ ಜಂತಿಗಳಿಗೆ ಹುಳ ಹಿಡಿಯುತ್ತಿರಲಿಲ್ಲ. ಮೂಲೆಯಲ್ಲಿ ಇಲ್ಲಣ ಜೋತಾಡುತ್ತಿದ್ದರೆ ಅದು ಮನೆಯಲ್ಲಿ ಎರಡು ಹೊತ್ತು ಒಲೆ ಉರಿಯುತ್ತಿದೆ ಎಂಬುದರ ಗುರುತು. ಆದರೆ ಈ ಲಾಭದ ಲೆಕ್ಕ ಬರೆದವರು ಜಗಲಿಯಲ್ಲಿ ಕೂತ ಗಂಡಸರು. ಊದುಗೊಳವೆ ಹಿಡಿದು ಹಸಿ ಸೌದೆಯ ಮುಂದೆ ಬಗ್ಗಿದವರ ಕಣ್ಣು, ಕೆಮ್ಮು ಆ ಲೆಕ್ಕದಲ್ಲಿ ಬರಲಿಲ್ಲ. ನಮ್ಮಜ್ಜಿಯ ಕಣ್ಣು ಸದಾ ಕೆಂಪಾಗಿರುತ್ತಿತ್ತು. ಅದು ಅವರ ಕಣ್ಣಿನ ಬಣ್ಣವೇ ಇರಬೇಕೆಂದು ನಾವು ಮಕ್ಕಳು ತಿಳಿದಿದ್ದೆವು. ಹಸಿ ಸೌದೆ ಉರಿಸಬೇಡಿ ಎಂದು ಅವರಿಗೆ ಯಾರಾದರೂ ಉಪದೇಶ ಮಾಡಿದ್ದರೆ ಅವರು ಏನೆನ್ನುತ್ತಿದ್ದರೆಂದು ಊಹಿಸಬಲ್ಲೆ: ಒಣಗಿದ್ದು ತಂದುಕೊಡಪ್ಪ, ಉರಿಸುತ್ತೇನೆ. ನಾನು ಹೇಳಹೊರಟಿರುವ ಚರಿತ್ರೆಯ ತಿರುಳೆಲ್ಲ ಆ ಒಂದು ಮಾತಿನಲ್ಲಿದೆ.

ಹೊಗೆಯ ಮೇಲೆ ದೂರು ಕೊಟ್ಟವರಲ್ಲಿ ಲಂಡನ್ನಿನವರು ಬಹಳ ಹಳಬರು. ಮರ ದುಬಾರಿಯಾಗಿ ಸಮುದ್ರದ ದಾರಿಯಲ್ಲಿ ಕಲ್ಲಿದ್ದಲು ಬರತೊಡಗಿದಾಗಲೇ, ಎಂದರೆ 13ನೆಯ ಶತಮಾನದ ಕೊನೆಯಲ್ಲೇ, ಸುಣ್ಣದ ಗೂಡುಗಳ ಹೊಗೆಯ ಬಗ್ಗೆ ಅಲ್ಲಿ ವಿಚಾರಣೆ ನಡೆದಿತ್ತು. ಮೊದಲನೆಯ ಎಡ್ವರ್ಡ್ ದೊರೆ ಅದನ್ನು ನಿಷೇಧಿಸಿಯೂ ನೋಡಿದ. ನಿಷೇಧ ಕಾಗದದಲ್ಲಿ ಉಳಿಯಿತು, ಕಲ್ಲಿದ್ದಲು ಒಲೆಯಲ್ಲಿ ಉಳಿಯಿತು. 1661ರಲ್ಲಿ ಜಾನ್ ಎವೆಲಿನ್ ಎಂಬ ವಿದ್ವಾಂಸ ಎರಡನೆಯ ಚಾರ್ಲ್ಸ್ ದೊರೆಗೆ ಲಂಡನ್ನಿನ ಹೊಗೆಯನ್ನು ಕುರಿತು ಒಂದು ಪುಸ್ತಿಕೆಯನ್ನೇ ಅರ್ಪಿಸಿದ. ಹೊಗೆ ಕಾರುವ ಉದ್ಯಮಗಳನ್ನು ಊರಾಚೆ ಸಾಗಿಸಬೇಕು, ಊರ ಸುತ್ತ ಪರಿಮಳದ ಹೂಗಿಡಗಳನ್ನು ನೆಡಬೇಕು ಎಂಬುದು ಅವನ ಸಲಹೆ. ದೊರೆ ಮೆಚ್ಚಿದ, ಅಷ್ಟಕ್ಕೇ ನಿಂತಿತು. ಹೂವು ನೆಟ್ಟು ಹೊಗೆ ಓಡಿಸುವ ಆಸೆ ಇಂದಿನ ನಮ್ಮ ನಗರಸಭೆಗಳಿಗೂ ಪೂರ್ತಿ ಬಿಟ್ಟಿಲ್ಲ ಎನ್ನಿ.

ಆಮೇಲೆ ಉಗಿಯಂತ್ರ ಬಂತು, ಮಿಲ್ಲು ಬಂತು, ಚಿಮಣಿಗಳ ಕಾಡು ಬೆಳೆಯಿತು. 1853ರಲ್ಲಿ ಲಂಡನ್ನಿಗೆ ಒಂದು ಕಾಯಿದೆ ಆಯಿತು. 1875ರ ಸಾರ್ವಜನಿಕ ಆರೋಗ್ಯ ಕಾಯಿದೆಯಲ್ಲಿ ಊರೂರಿನ ಸ್ಥಳೀಯ ಆಡಳಿತಗಳಿಗೆ ಹೊಗೆಯ ಮೇಲೆ ಕ್ರಮ ಕೈಗೊಳ್ಳುವ ಅಧಿಕಾರ ಸಿಕ್ಕಿತು. ಆದರೆ ಅದರಲ್ಲಿ ಎರಡು ಕಿಂಡಿಗಳಿದ್ದವು. ಕಾಯಿದೆ ಹೇಳಿದ್ದು 'ಕಪ್ಪು ಹೊಗೆ' ಎಂದು. ಹೀಗಾಗಿ ಕಾರ್ಖಾನೆಯ ವಕೀಲರು ಕೋರ್ಟಿನಲ್ಲಿ ಎದ್ದುನಿಂತು, ಮಹಾಸ್ವಾಮಿ, ನಮ್ಮ ಕಕ್ಷಿಗಾರರ ಹೊಗೆ ಕಪ್ಪಲ್ಲ, ಕಂದು ಎಂದು ವಾದಿಸಬಹುದಾಗಿತ್ತು, ವಾದಿಸಿದರು ಕೂಡ. ಎರಡನೆಯ ಕಿಂಡಿ ಇನ್ನೂ ದೊಡ್ಡದು. ವಾಸದ ಮನೆಗಳ ಚಿಮಣಿಗೆ ಕಾಯಿದೆ ಅನ್ವಯಿಸುವುದಿಲ್ಲ ಎಂದು ಅದರಲ್ಲೇ ಬರೆದಿತ್ತು. ಲಂಡನ್ನಿನ ಲಕ್ಷೋಪಲಕ್ಷ ಮನೆಗಳ ಅಗ್ಗಿಷ್ಟಿಕೆಗಳಿಗೆ ಹೀಗೆ ಪೂರಾ ಅಭಯ ಸಿಕ್ಕಿತು. ಇಂಗ್ಲಿಷರಿಗೆ ಮನೆಯ ಬೆಂಕಿಯ ಮೇಲೆ ಒಂದು ಬಗೆಯ ಭಕ್ತಿ. ಅದರ ಮೇಲೆ ಕೈಯಿಡಲು ಯಾವ ಮಂತ್ರಿಗೂ ಧೈರ್ಯವಿರಲಿಲ್ಲ. ಹೊಗೆಗೂ ಮಂಜಿಗೂ ಇಂಗ್ಲಿಷಿನಲ್ಲಿರುವ ಹೆಸರುಗಳನ್ನು ಕಲಸಿ 'ಸ್ಮಾಗ್' ಎಂಬ ಪದವನ್ನು 1905ರಲ್ಲಿ ಡೆಸ್ ವೂ ಎಂಬ ವೈದ್ಯ ಬಳಕೆಗೆ ತಂದ. ರೋಗಕ್ಕೆ ಹೆಸರು ಸಿಕ್ಕಿತು, ಮದ್ದು ಸಿಗಲು ಇನ್ನೂ ಐವತ್ತು ವರ್ಷ ಬೇಕಾಯಿತು.

ಈ ಕಾಯಿದೆಯ ಮಾದರಿ ಹಡಗು ಹತ್ತಿ ನಮ್ಮ ದೇಶಕ್ಕೂ ಬಂತು. ಬ್ರಿಟಿಷ್ ಇಂಡಿಯಾದ ರಾಜಧಾನಿಯಾಗಿದ್ದ ಕಲ್ಕತ್ತೆಗೆ ರಾಣಿಗಂಜಿನ ಗಣಿಗಳು ಹತ್ತಿರ. ಹೂಗ್ಲಿಯ ಎರಡೂ ದಡದಲ್ಲಿ ಸೆಣಬಿನ ಗಿರಣಿಗಳು. ಕಲ್ಕತ್ತಾ ಮತ್ತು ಹೌರಾಕ್ಕೆಂದು 1863ರಲ್ಲೇ ಒಂದು ಹೊಗೆ ಕಾಯಿದೆ ಆಗಿತ್ತು. ಅದು ಹೆಚ್ಚು ಕೆಲಸ ಮಾಡಲಿಲ್ಲ. 1905ರಲ್ಲಿ ಬಂಗಾಳದ ಹೊಗೆ ಉಪದ್ರವ ಕಾಯಿದೆ ಬಂದು, ಅದರಡಿ ಒಂದು ಆಯೋಗ, ಇನ್‌ಸ್ಪೆಕ್ಟರುಗಳು ಎಲ್ಲ ನೇಮಕವಾದರು. ಬೊಂಬಾಯಿಗೆ 1912ರಲ್ಲಿ ಅಂಥದೇ ಕಾಯಿದೆ ಆಯಿತು.

ಈ ಇನ್‌ಸ್ಪೆಕ್ಟರರ ಕೈಯಲ್ಲಿ ಇರುತ್ತಿದ್ದ ಆಯುಧದ ಬಗ್ಗೆ ಒಂದು ಮಾತು ಹೇಳಬೇಕು. ಪ್ಯಾರಿಸ್ಸಿನ ರಿಂಗಲ್‌ಮನ್ ಎಂಬ ಪ್ರಾಧ್ಯಾಪಕ 19ನೆಯ ಶತಮಾನದ ಕೊನೆಯಲ್ಲಿ ಮಾಡಿದ ಪಟ ಅದು. ಬಿಳಿಯ ಕಾಗದದ ಮೇಲೆ ಕಪ್ಪು ಗೆರೆಗಳ ಜಾಲ. ಗೆರೆ ದಪ್ಪವಾಗುತ್ತ ಹೋದಂತೆ ಬೂದು ಬಣ್ಣ ಗಾಢವಾಗುತ್ತದೆ. ಐದನೆಯದು ಅಪ್ಪಟ ಕಪ್ಪು. ಇನ್‌ಸ್ಪೆಕ್ಟರ್ ಚಿಮಣಿಗೆ ಎದುರಾಗಿ ನಿಂತು, ಪಟದ ಬಣ್ಣಕ್ಕೂ ಹೊಗೆಯ ಬಣ್ಣಕ್ಕೂ ತಾಳೆ ನೋಡಿ, ಗಂಟೆಗೆ ಎಷ್ಟು ನಿಮಿಷ ಎಷ್ಟನೆಯ ನಂಬರಿನ ಹೊಗೆ ಬಂತೆಂದು ಬರೆದುಕೊಳ್ಳುತ್ತಿದ್ದ. ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಕೂಲಿಯವನು ಒಮ್ಮೆಲೇ ಸುರಿಯದೆ ಸ್ವಲ್ಪಸ್ವಲ್ಪವಾಗಿ ಹಾಕಿದರೆ ಹೊಗೆ ಕಡಿಮೆಯಾಗುತ್ತದೆ, ಮಾಲೀಕನಿಗೂ ಇದ್ದಲು ಉಳಿಯುತ್ತದೆ. ಹೀಗೆ ಗಿರಣಿಗಳ ಹೊಗೆ ನಿಜವಾಗಿಯೂ ಕೆಲಮಟ್ಟಿಗೆ ತಗ್ಗಿತು. ಆದರೆ ಚಳಿಗಾಲದ ಸಂಜೆ ಕಲ್ಕತ್ತೆಯ ಗಲ್ಲಿಗಲ್ಲಿಗಳಿಂದ ಏಳುವ ಹೊಗೆಗೆ ಆ ಪಟದಲ್ಲಿ ನಂಬರ್ ಇರಲಿಲ್ಲ. ಅದು ಬೆರಣಿಯಿಂದ ಹೊತ್ತಿಸಿ ಕಲ್ಲಿದ್ದಲು ತುಂಬಿದ ಮನೆಯ ಒಲೆಗಳದು. ಸಾವಿರಾರು ಬಡವರ ಒಲೆಯ ಮೇಲೆ ಕೇಸು ಹಾಕಲು ಆಗದು. ಬೇರೆ ಉರುವಲು ಕೊಡುವ ಯೋಚನೆ ಆಯೋಗದ ಕೆಲಸದಲ್ಲಿ ಸೇರಿರಲಿಲ್ಲ.

ಬೊಂಬಾಯಿಯ ಕತೆ ಸ್ವಲ್ಪ ಬೇರೆ. ಅಲ್ಲಿ ಕಾಯಿದೆಯ ಹಿಂದೆಯೇ ಇನ್ನೊಂದು ಸಂಗತಿ ನಡೆಯಿತು. 1915ರಲ್ಲಿ ಟಾಟಾ ಕಂಪನಿ ಪಶ್ಚಿಮ ಘಟ್ಟದ ಖೋಪೋಲಿಯಲ್ಲಿ ಮಳೆನೀರಿನಿಂದ ವಿದ್ಯುತ್ ಉತ್ಪಾದಿಸಿ ಬೊಂಬಾಯಿಯ ಬಟ್ಟೆ ಗಿರಣಿಗಳಿಗೆ ಒದಗಿಸಲಾರಂಭಿಸಿತು. ಕಲ್ಲಿದ್ದಲನ್ನು ದೂರದಿಂದ ತರಿಸುತ್ತಿದ್ದ ಗಿರಣಿಗಳು ಒಂದೊಂದಾಗಿ ತಂತಿಗೆ ಸೇರಿದವು. ಇದಕ್ಕೂ ಮೊದಲೇ, 1902ರಲ್ಲಿ, ಮೈಸೂರು ಸಂಸ್ಥಾನ ಶಿವನಸಮುದ್ರದಿಂದ ಸುಮಾರು 90 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಸಾಗಿಸಿತ್ತು; ಗಣಿಯ ಉಗಿಯಂತ್ರಗಳ ಜಾಗಕ್ಕೆ ವಿದ್ಯುತ್ ಮೋಟಾರುಗಳು ಬಂದವು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಆ ಯೋಜನೆಯನ್ನು ಹೊಗೆ ಕಡಿಮೆ ಮಾಡಲೆಂದು ಯಾರೂ ಕೈಗೊಂಡದ್ದಲ್ಲ. ಅಗ್ಗದ ಶಕ್ತಿ ಬೇಕಿತ್ತು, ಅಷ್ಟೆ. ಆದರೂ ಬೇರೆ ಶಕ್ತಿ ಬಾಗಿಲಿಗೆ ಬಂದರೆ ಹೊಗೆ ತಾನಾಗಿ ಹೋಗುತ್ತದೆ ಎಂಬ ಪಾಠ ಅದರೊಳಗಿತ್ತು. ನಗರಸಭೆಯೊಂದು ಈ ಪಾಠವನ್ನು ಬೇಕೆಂದೇ ಕಲಿತು, ಬೇಕೆಂದೇ ಆಚರಿಸಿದ್ದನ್ನು ನೋಡಬೇಕಾದರೆ ನಾವು ಅಮೆರಿಕದ ಸೇಂಟ್ ಲೂಯಿಸ್ ಎಂಬ ಊರಿಗೆ ಹೋಗಬೇಕು.

ಸೇಂಟ್ ಲೂಯಿಸ್ ಮಿಸಿಸಿಪ್ಪಿ ನದಿಯ ದಡದ ಊರು. ನದಿ ದಾಟಿದರೆ ಇಲಿನಾಯ್ ರಾಜ್ಯ, ಅಲ್ಲಿ ನೆಲ ಅಗೆದಲ್ಲೆಲ್ಲ ಕಲ್ಲಿದ್ದಲು. ಬಹಳ ಅಗ್ಗ, ಆದರೆ ಅದು ಮೆದು ಜಾತಿಯದು, ಗಂಧಕ ಹೆಚ್ಚು. ಕಲ್ಲಿದ್ದಲಿನಲ್ಲೂ ನಮ್ಮ ಸೌದೆಯ ಹಾಗೆ ಭೇದವಿದೆ. ಮೆದು ಕಲ್ಲಿದ್ದಲು ಕಾದ ಕೂಡಲೇ ಟಾರಿನಂಥ ಆವಿಯನ್ನು ಬಿಡುತ್ತದೆ. ಆ ಆವಿಗೆ ಸಾಕಷ್ಟು ಗಾಳಿ, ಶಾಖ ಸಿಕ್ಕಿ ಅದು ಉರಿದುಹೋದರೆ ಸರಿ. ಇಲ್ಲವಾದರೆ ಅದೇ ಕಪ್ಪು ಹೊಗೆ. ಗಟ್ಟಿ ಕಲ್ಲಿದ್ದಲಿನಲ್ಲಿ ಇಂಥ ಆವಿ ಕಡಿಮೆ, ಹೊಗೆಯೂ ಕಡಿಮೆ, ಬೆಲೆ ಮಾತ್ರ ಜಾಸ್ತಿ. ಅಗ್ಗದ್ದು ಆಚೆ ದಡದಲ್ಲೇ ಇರುವಾಗ ದುಬಾರಿಯದನ್ನು ಕೊಳ್ಳುವವರು ಯಾರು?

1893ರಲ್ಲಿ ಈ ನಗರ ದಟ್ಟ ಹೊಗೆಯನ್ನು ನಿಷೇಧಿಸಿತು. 1897ರಲ್ಲಿ ಮಿಸೌರಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ, ಹೊಗೆಯನ್ನು ಅಪರಾಧವೆಂದು ಸಾರುವಷ್ಟು ಅಧಿಕಾರ ನಗರಕ್ಕಿಲ್ಲ ಎಂದು ಅದನ್ನು ರದ್ದು ಮಾಡಿತು. ಹೊಸ ಶತಮಾನದಲ್ಲಿ ಮತ್ತೆ ಕಾಯಿದೆ, ಮತ್ತೆ ಇನ್‌ಸ್ಪೆಕ್ಟರುಗಳು. ಊರಿನ ಮಹಿಳಾ ಸಂಘದವರು ಬೀದಿಗಿಳಿದರು. ಕಿಟಕಿಯ ಪರದೆ, ಒಗೆದು ಹರವಿದ ಬಟ್ಟೆ, ಮಕ್ಕಳ ಮೂಗು ಎಲ್ಲಕ್ಕೂ ಮಸಿ ಮೆತ್ತುತ್ತಿದ್ದುದು ಅವರಿಗಿಂತ ಚೆನ್ನಾಗಿ ಬೇರಾರಿಗೂ ಗೊತ್ತಿರಲಿಲ್ಲ. ಊರಿನ ಹೆಮ್ಮೆಯಾಗಿದ್ದ ಸಸ್ಯೋದ್ಯಾನದಲ್ಲಿ ಗಿಡಗಳು ಸೊರಗಿ, 1920ರ ದಶಕದಲ್ಲಿ ಉದ್ಯಾನದವರು ಊರಾಚೆ ದೂರದಲ್ಲಿ ಜಮೀನು ಕೊಂಡು ಆರ್ಕಿಡ್ ಮುಂತಾದ ಸೂಕ್ಷ್ಮ ಸಸ್ಯಗಳನ್ನು ಅಲ್ಲಿಗೆ ಒಯ್ದರು. ಗಿಡಗಳನ್ನೇನೋ ಗಾಡಿಯಲ್ಲಿ ಒಯ್ಯಬಹುದು. ಊರ ಜನ ಎಲ್ಲಿಗೆ ಹೋದಾರು? ಒಲೆ ಉರಿಸುವ ಸರಿಯಾದ ಕ್ರಮವನ್ನು ಮನೆಮನೆಗೆ ಕಲಿಸುವ ಪ್ರಯತ್ನವೂ ನಡೆಯಿತು. ಉಪದೇಶಕ್ಕೆ ಕೊರತೆಯಿರಲಿಲ್ಲ. ಚಳಿಗಾಲ ಬಂದರೆ ಮಾತ್ರ ಹೊಗೆ ಹಿಂದಿನಂತೆಯೇ ಕವಿಯುತ್ತಿತ್ತು.

1933ರಲ್ಲಿ ಬರ್ನಾರ್ಡ್ ಡಿಕ್‌ಮನ್ ಎಂಬುವರು ಮೇಯರ್ ಆದರು. ಅಲ್ಲಿನ ವಾಷಿಂಗ್‌ಟನ್ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕಲಿಸುತ್ತಿದ್ದ ರೇಮಂಡ್ ಟಕರ್ ಎಂಬ ಮೇಷ್ಟ್ರನ್ನು ಅವರು ತಮ್ಮ ಸಹಾಯಕ್ಕೆ ಕರೆದುಕೊಂಡು, ಮುಂದೆ ಹೊಗೆ ನಿಯಂತ್ರಣದ ಹೊಣೆಯನ್ನೇ ಒಪ್ಪಿಸಿದರು. ಟಕರ್ ಹೊಗೆಯ ಲೆಕ್ಕ ಹಾಕಿ ನೋಡಿದಾಗ ಕಣ್ಣಿಗೆ ಬಿದ್ದದ್ದು ಚಿಮಣಿಗಳ ಸಾಲಲ್ಲ, ಮನೆಗಳ ನೆಲಮಾಳಿಗೆಯಲ್ಲಿ ಕೈಯಿಂದ ಕಲ್ಲಿದ್ದಲು ಸುರಿಯುವ ಅಸಂಖ್ಯ ಒಲೆಗಳು. 1937ರ ಕಟ್ಟಳೆಯಲ್ಲಿ ಕಲ್ಲಿದ್ದಲನ್ನು ತೊಳೆದೇ ಮಾರಬೇಕೆಂದು ವಿಧಿಸಲಾಯಿತು. ಬೂದಿ, ಗಂಧಕ ಸ್ವಲ್ಪ ತಗ್ಗಿದವು, ಹೊಗೆ ತಗ್ಗಲಿಲ್ಲ. ತೊಳೆದ ಹಸಿ ಸೌದೆಯೂ ಹಸಿ ಸೌದೆಯೇ ತಾನೆ?

1939ರ ನವೆಂಬರ್ 28, ಮಂಗಳವಾರ. ಆ ದಿನ ಸೇಂಟ್ ಲೂಯಿಸಿನಲ್ಲಿ ಹೊತ್ತು ಹುಟ್ಟಿದರೂ ಬೆಳಕಾಗಲಿಲ್ಲ. ಮೇಲೆ ಬೆಚ್ಚಗಿನ ಗಾಳಿಯ ಪದರ ಮುಚ್ಚಳದಂತೆ ಕೂತು, ಕೆಳಗಿನ ಹೊಗೆ ಮೇಲೇರಲಾಗದೆ ಊರಲ್ಲೇ ತಿರುಗಿತು. ಹಾಡುಹಗಲಲ್ಲಿ ಬೀದಿದೀಪ ಉರಿಸಬೇಕಾಯಿತು. ವಾಹನಗಳು ಲಾಂದ್ರ ಹಿಡಿದವರಂತೆ ತಡವರಿಸಿಕೊಂಡು ಸಾಗಿದವು. ಆ ಚಳಿಗಾಲದಲ್ಲಿ ಇಂಥ ದಿನಗಳು ಮತ್ತೆ ಮತ್ತೆ ಬಂದವು. ಊರವರು ಆ ದಿನವನ್ನು ಇಂದಿಗೂ ಕರಿ ಮಂಗಳವಾರವೆಂದೇ ಕರೆಯುತ್ತಾರೆ. ಪೋಸ್ಟ್-ಡಿಸ್ಪ್ಯಾಚ್ ಎಂಬ ಅಲ್ಲಿನ ಪತ್ರಿಕೆ ಹೊಗೆಯ ವಿರುದ್ಧ ಎಡೆಬಿಡದೆ ಬರೆಯಿತು. ಆ ಸೇವೆಗಾಗಿ 1941ರಲ್ಲಿ ಅದಕ್ಕೆ ಪುಲಿಟ್ಜರ್ ಪ್ರಶಸ್ತಿಯೂ ಬಂತು.

ಮೇಯರ್ ಒಂದು ಸಮಿತಿ ಮಾಡಿದರು. ಸಮಿತಿ ಮಾಡುವುದು ಕೆಲಸವನ್ನು ಮುಂದೂಡುವ ಉಪಾಯವೆಂದು ತಿಳಿದ ನಮಗೆ ಮುಂದಿನ ಸಂಗತಿ ಆಶ್ಚರ್ಯ ತರಬಹುದು. ಸಮಿತಿ ಕೆಲವೇ ತಿಂಗಳಲ್ಲಿ ವರದಿ ಕೊಟ್ಟಿತು. 1940ರ ಏಪ್ರಿಲ್ 8ರಂದು ನಗರಸಭೆ ಕಟ್ಟಳೆಯನ್ನು ಅಂಗೀಕರಿಸಿತು. ಅದರ ತಿರುಳು ಸರಳ. ಮೆದು ಕಲ್ಲಿದ್ದಲು ಉರಿಸುವುದಾದರೆ ಅದನ್ನು ಹದವಾಗಿ, ತಾನೇ ತಾನಾಗಿ ಒಲೆಗೆ ನೂಕುವ ಯಂತ್ರ ಇಟ್ಟುಕೊಳ್ಳಿ. ಕೈಯಿಂದ ಹಾಕುವುದಾದರೆ ಹೊಗೆಯಿಲ್ಲದ ಉರುವಲನ್ನೇ ಬಳಸಿ. ಅರಮನೆಯಂಥ ಹೋಟೆಲಿಗೂ ಕೂಲಿಯವನ ಬಾಡಿಗೆ ಮನೆಗೂ ನಿಯಮ ಒಂದೇ. ಇನ್ನು ಹಿಡಿತ ಇಟ್ಟದ್ದು ಎಲ್ಲಿ? ಮನೆ ಮನೆಯ ಬಾಗಿಲು ಬಡಿದು ಒಲೆ ತಪಾಸಣೆ ಮಾಡುವ ಗೋಜಿಗೆ ಅವರು ಹೆಚ್ಚಾಗಿ ಹೋಗಲಿಲ್ಲ. ಕಲ್ಲಿದ್ದಲು ಮಾರುವವರಿಗೆ ಲೈಸೆನ್ಸ್ ಕಡ್ಡಾಯ ಮಾಡಿದರು. ಹೊಗೆಯನ್ನು ಆಕಾಶದಲ್ಲಿ ಹಿಡಿಯುವುದು ಬಿಟ್ಟು ಅಂಗಡಿಯಲ್ಲೇ ಹಿಡಿದರು.

ಆದರೆ ಕಟ್ಟಳೆಯಿಂದಷ್ಟೇ ಚಳಿ ಹೋಗುವುದಿಲ್ಲ. ಇಲಿನಾಯ್ ಗಣಿ ಮಾಲೀಕರೂ ಗಣಿ ಊರಿನ ವ್ಯಾಪಾರಿಗಳೂ ಸಿಟ್ಟಾದರು. ಸೇಂಟ್ ಲೂಯಿಸಿನ ಸರಕನ್ನು ಬಹಿಷ್ಕರಿಸುತ್ತೇವೆಂದು ಕೂಗೆದ್ದಿತು. ಅವರ ಸಿಟ್ಟಿಗೂ ಕಾರಣವಿತ್ತು, ಆ ಊರುಗಳ ಅನ್ನ ಆ ಕಲ್ಲಿದ್ದಲಿನಿಂದಲೇ ಬರುತ್ತಿತ್ತು. ಇತ್ತ ನಗರದ ಬಡವರ ಪ್ರಶ್ನೆ: ಮುಂದಿನ ಚಳಿಗಾಲಕ್ಕೆ ನಮ್ಮ ಕೈಗೆಟುಕುವ ಬೆಲೆಯಲ್ಲಿ ಏನು ಉರಿಸೋಣ? ನಗರದ ಆಡಳಿತ ಇಲ್ಲಿ ನಿಂತು ಉತ್ತರ ಹುಡುಕಿತು. ನೂರಾರು ಮೈಲಿ ದಕ್ಷಿಣದ ಆರ್ಕನ್ಸಾ ರಾಜ್ಯದಲ್ಲಿ ಹೊಗೆ ಕಡಿಮೆಯ ಗಟ್ಟಿ ಕಲ್ಲಿದ್ದಲು ಇತ್ತು. ದೂರದ ಸಾಗಣೆಯಿಂದ ಅದು ದುಬಾರಿಯಾಗುತ್ತಿತ್ತು. ರೈಲ್ವೆ ಕಂಪನಿಯೊಡನೆ ಮಾತುಕತೆಯಾಗಿ ಸಾಗಣೆಯ ದರ ಇಳಿಯಿತು. ಇಲಿನಾಯ್ ಕಲ್ಲಿದ್ದಲಿಗಿಂತ ಕೊಂಚ ಹೆಚ್ಚೇ ಆದರೂ ಕೊಳ್ಳಬಹುದಾದ ಬೆಲೆಗೆ ಅದು ಊರಿಗೆ ಬಂತು. ಒಣಗಿದ್ದು ತಂದುಕೊಡಪ್ಪ, ಉರಿಸುತ್ತೇನೆ ಎಂಬ ಮಾತಿಗೆ ನಗರಸಭೆಯೊಂದು ಕೊಟ್ಟ ಉತ್ತರ ಇದು.

1940ರ ಚಳಿಗಾಲ ಬಂತು. ಊರಿಗೆ ಊರೇ ಆಕಾಶ ನೋಡುತ್ತ ನಿಂತಿತ್ತು. ಹಿಂದಿನ ವರ್ಷ ದೀಪ ಹಚ್ಚಿದ್ದ ಬೀದಿಗಳಲ್ಲಿ ಈ ವರ್ಷ ಬಿಸಿಲು ಬಿತ್ತು. ನಲವತ್ತೇಳು ವರ್ಷಗಳ ಕಾಯಿದೆ, ಭಾಷಣ, ದಂಡಗಳಿಂದ ಆಗದ್ದು ಒಂದೇ ಚಳಿಗಾಲದಲ್ಲಿ ಆಯಿತು. ಡಿಕ್‌ಮನ್ ಮಾತ್ರ 1941ರ ಚುನಾವಣೆಯಲ್ಲಿ ಸೋತರು. ಸೋಲಿಗೆ ಬೇರೆ ರಾಜಕೀಯ ಕಾರಣಗಳಿದ್ದವು; ಆದರೂ ಊರಿಗೆ ಬಿಸಿಲು ತಂದವರು ಮರು ವಸಂತದಲ್ಲೇ ಮನೆಗೆ ಹೋದರೆಂಬುದು ಸಾರ್ವಜನಿಕ ಕೆಲಸ ಮಾಡುವವರು ನೆನಪಿಡಬೇಕಾದ ಸಂಗತಿ. ಟಕರ್ ಮೇಷ್ಟ್ರು ಮುಂದೆ ತಾವೇ 1953ರಿಂದ 1965ರವರೆಗೆ ಆ ಊರಿನ ಮೇಯರ್ ಆಗಿದ್ದರು.

ಉಕ್ಕಿನ ನಗರ ಪಿಟ್ಸ್‌ಬರ್ಗಿನವರು ಇದನ್ನು ನೋಡಿ 1941ರಲ್ಲಿ ತಾವೂ ಕಟ್ಟಳೆ ಮಾಡಿದರು. ಯುದ್ಧ ಬಂದು ಜಾರಿ ಮುಂದೆ ಹೋಯಿತು. 1945ರಲ್ಲಿ ಮೇಯರ್ ಆಗಿ ಆರಿಸಿ ಬಂದ ಡೇವಿಡ್ ಲಾರೆನ್ಸ್ ಕಾಲದಲ್ಲಿ, 1946ರಲ್ಲಿ ಕೈಗಾರಿಕೆಗಳಿಗೂ 1947ರಲ್ಲಿ ಮನೆಗಳಿಗೂ ಅದು ಜಾರಿಗೆ ಬಂತು. ಇಲ್ಲೂ ಬಡವರು ಗೊಣಗಿದರು. ಹೊಗೆಯಿಲ್ಲದ ಉರುವಲಿನ ಬೆಲೆ ತಮ್ಮ ತಲೆಯ ಮೇಲೆ, ಬಿಳಿ ಅಂಗಿಯ ಸುಖ ದೊಡ್ಡವರ ಪಾಲಿಗೆ ಎಂಬ ಮಾತು ಕೇಳಿಬಂತು. 1949ರಲ್ಲಿ ಲಾರೆನ್ಸರ ಪಕ್ಷದವನೇ ಒಬ್ಬ ಈ ಅಸಮಾಧಾನವನ್ನು ಮುಂದಿಟ್ಟುಕೊಂಡು ಅವರ ಎದುರು ನಿಂತ, ಲಾರೆನ್ಸ್ ಗೆದ್ದುಕೊಂಡರು. ಅವರ ಕೈಹಿಡಿದದ್ದು ಬಹುಮಟ್ಟಿಗೆ ಅನಿಲ. ಯುದ್ಧಕಾಲದಲ್ಲಿ ಟೆಕ್ಸಾಸಿನಿಂದ ಎಣ್ಣೆ ಸಾಗಿಸಲು ಹಾಕಿದ್ದ ಎರಡು ದೊಡ್ಡ ಕೊಳವೆಗಳಲ್ಲಿ 1947ರಿಂದ ನೈಸರ್ಗಿಕ ಅನಿಲ ಹರಿಯತೊಡಗಿತ್ತು. 1940ರಲ್ಲಿ ಪಿಟ್ಸ್‌ಬರ್ಗಿನ ನೂರಕ್ಕೆ ಸುಮಾರು 80 ಮನೆಗಳಲ್ಲಿ ಕಲ್ಲಿದ್ದಲು ಉರಿಯುತ್ತಿದ್ದರೆ 1950ರ ಹೊತ್ತಿಗೆ ಅದು ಮೂರನೆಯ ಒಂದು ಪಾಲಿಗೂ ಕೆಳಗಿಳಿದಿತ್ತು. ಕಟ್ಟಳೆ ಬಾಗಿಲು ತೆರೆಯಿತು. ಒಳಗೆ ಬಂದದ್ದು ಅನಿಲ.

ಲಂಡನ್ನಿಗೆ ಹಿಂತಿರುಗೋಣ. ಯುದ್ಧದ ಸಾಲ ತೀರಿಸಲು ಬ್ರಿಟನ್ ತನ್ನ ಒಳ್ಳೆಯ ಕಲ್ಲಿದ್ದಲನ್ನು ಹೊರದೇಶಕ್ಕೆ ಮಾರುತ್ತಿತ್ತು. ಮನೆಮಂದಿಗೆ ಪಡಿತರ. 1952ರ ಡಿಸೆಂಬರ್ ಮೊದಲಲ್ಲಿ, ಪುಡಿಪುಡಿಯಾದ ಕೀಳು ದರ್ಜೆಯ ಕಲ್ಲಿದ್ದಲನ್ನು ಸರಕಾರ ಪಡಿತರದಿಂದ ಬಿಡುಗಡೆ ಮಾಡಿತು. ಬೇಕಾದಷ್ಟು ಕೊಳ್ಳಿರಿ ಎಂದಿತು. ಚಳಿ ತೀವ್ರವಾಗಿತ್ತು, ಜನ ಕೊಂಡರು. ಡಿಸೆಂಬರ್ 5ರಂದು ಕವಿದ ಸ್ಮಾಗ್ 9ರವರೆಗೂ ಕದಲಲಿಲ್ಲ. ದನದ ಪ್ರದರ್ಶನಕ್ಕೆ ಬಂದಿದ್ದ ಬಹುಮಾನದ ಜಾನುವಾರುಗಳು ಉಸಿರುಕಟ್ಟಿ ಸತ್ತವು. ಸಂಗೀತ ನಾಟಕವೊಂದು ಸಭಾಂಗಣದೊಳಗೇ ಹೊಗೆ ನುಗ್ಗಿ ನಿಂತುಹೋಯಿತು. ಸತ್ತ ಮನುಷ್ಯರ ಲೆಕ್ಕ ನಿಧಾನವಾಗಿ ಹೊರಬಂತು: ಆಗಿನ ಅಂದಾಜು ಸುಮಾರು 4,000, ಮುಂದೆ ನಡೆದ ಅಧ್ಯಯನಗಳ ಪ್ರಕಾರ, ನಂತರದ ತಿಂಗಳುಗಳ ಸಾವೂ ಸೇರಿದರೆ, 12,000ದವರೆಗೆ. ಅವರಲ್ಲಿ ಹೆಚ್ಚಿನವರು ಮುದುಕರು, ಎದೆಯ ರೋಗದವರು. ಕಪ್ಪೋ ಕಂದೋ ಎಂದು ನ್ಯಾಯಾಲಯದಲ್ಲಿ ಚರ್ಚಿಸಿದ ಹೊಗೆ ಇದೇ. ಕಾಯಿದೆಯಿಂದ ಅಭಯ ಪಡೆದ ಒಲೆಗಳೂ ಇವೇ.

ಸರಕಾರ ಮೊದಮೊದಲು ಹಿಂದೇಟು ಹಾಕಿತು. ಸರ್ ಹ್ಯೂ ಬೀವರ್ ಅವರ ಸಮಿತಿಯ ವರದಿ ಬಂತು. ಜೆರಾಲ್ಡ್ ನಬಾರೊ ಎಂಬ ಸದಸ್ಯ ಪಾರ್ಲಿಮೆಂಟಿನಲ್ಲಿ ತಾನೇ ಒಂದು ಮಸೂದೆ ತಂದು ಸರಕಾರವನ್ನು ಇಕ್ಕಟ್ಟಿಗೆ ಸಿಕ್ಕಿಸಿದ. ಕೊನೆಗೆ 1956ರಲ್ಲಿ ಶುದ್ಧ ಗಾಳಿ ಕಾಯಿದೆ ಆಯಿತು. ಮ್ಯಾಂಚೆಸ್ಟರ್, ಕವೆಂಟ್ರಿ ಮೊದಲಾದ ಊರುಗಳ ಸ್ಥಳೀಯ ಆಡಳಿತಗಳು ಅದಕ್ಕೆ ಮುಂಚೆಯೇ ತಮ್ಮಷ್ಟಕ್ಕೆ ಹೊಗೆರಹಿತ ವಲಯಗಳನ್ನು ಮಾಡಿ ತೋರಿಸಿದ್ದವು. ಆ ಅನುಭವ ಕಾಯಿದೆಯೊಳಗೆ ಬಂತು. ಸ್ಥಳೀಯ ಆಡಳಿತ ಒಂದೊಂದೇ ಬಡಾವಣೆಯನ್ನು ಹೊಗೆ ನಿಯಂತ್ರಣ ವಲಯವೆಂದು ಸಾರಬಹುದು. ಹಾಗೆ ಸಾರಿದಲ್ಲಿ ಮನೆಯವರು ಒಲೆ ಬದಲಾಯಿಸಲೇಬೇಕು. ಆದರೆ ಆ ಖರ್ಚಿನಲ್ಲಿ ನೂರಕ್ಕೆ 40 ಪಾಲು ಕೇಂದ್ರ ಖಜಾನೆಯದು, 30 ಪಾಲು ಸ್ಥಳೀಯ ಆಡಳಿತದ್ದು. ಮನೆಯವರು ಭರಿಸಬೇಕಾದದ್ದು ಉಳಿದ 30. ಏಳುನೂರು ವರ್ಷದ ದೂರಿಗೆ ಪರಿಹಾರ ಸಿಕ್ಕಿದ್ದು ಈ ಲೆಕ್ಕದಲ್ಲಿ. ಗಣಿ ಕೆಲಸಗಾರರಿಗೆ ಪುಕ್ಕಟೆ ಕಲ್ಲಿದ್ದಲು ಸಿಗುತ್ತಿದ್ದ ಊರುಗಳು ಮಾತ್ರ ವಲಯ ಸಾರಲು ಬಹಳ ಕಾಲ ಮೀನಮೇಷ ಎಣಿಸಿದವು. ಸಂಬಳದ ಭಾಗವಾಗಿ ಬಂದ ಉರುವಲನ್ನು ಯಾರು ತಾನೆ ಬಿಟ್ಟಾರು?

ಇಷ್ಟರಿಂದ ಗಾಳಿ ಪೂರಾ ಶುದ್ಧವಾಯಿತೆಂದು ಹೇಳಲು ಬರುವುದಿಲ್ಲ. ರಿಂಗಲ್‌ಮನ್ ಪಟಕ್ಕೆ ಕಾಣುವ ಕಪ್ಪು ಹೋಯಿತು. ಗಂಧಕದ ಅನಿಲ, ಮೋಟಾರು ವಾಹನದ ಹೊಗೆ, ಕೂದಲೆಳೆಗಿಂತ ಎಷ್ಟೋ ಪಾಲು ಸಣ್ಣದಾದ ಧೂಳು ಉಳಿದವು. ಕಾಣುವ ಹೊಗೆಯನ್ನು ಓಡಿಸಲು ಏಳುನೂರು ವರ್ಷ ಹಿಡಿದಿದ್ದರೆ ಕಾಣದ್ದಕ್ಕೆ ಎಷ್ಟು ಬೇಕೋ. ಆದರೆ ಓಡಿಸುವ ರೀತಿ ಬೇರೆಯಾಗಲಾರದು ಎಂದೇ ನನ್ನ ನಂಬಿಕೆ.

ನಮ್ಮಲ್ಲೂ ಈ ರೀತಿಯನ್ನು ಅರಿತವರಿಲ್ಲದೆ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ 'ಅಸ್ತ್ರ' ಎಂಬ ಕೇಂದ್ರ ಶುರುವಾಯಿತು. ಅಲ್ಲಿನವರು ಹಳ್ಳಿಗಳಿಗೆ ಹೋಗಿ, ಹೆಂಗಸರು ಅಡುಗೆ ಮಾಡುವುದನ್ನು ನೋಡಿ ರೂಪಿಸಿದ 'ಅಸ್ತ್ರ ಒಲೆ' ಸೌದೆ ಉಳಿಸಿತು, ಹೊಗೆಯನ್ನು ಕೊಳವೆಯಿಂದ ಮಾಡಿನ ಆಚೆ ಕಳಿಸಿತು. ಕರ್ನಾಟಕದ ಎಷ್ಟೋ ಹಳ್ಳಿ ಮನೆಗಳಲ್ಲಿ ಅದನ್ನು ಕಟ್ಟಿದರು. ಹೊಗೆಗೂಡನ್ನು ಕಾಲಕಾಲಕ್ಕೆ ತೆಗೆದು ಮಸಿ ಕೊಡವುವವರಿದ್ದಲ್ಲಿ ಅದು ಬಾಳಿತು, ಇಲ್ಲದಲ್ಲಿ ಕೆಟ್ಟಿತು. ಒಲೆ ಕೊಟ್ಟರೆ ಸಾಲದು, ಅದನ್ನು ನೋಡಿಕೊಳ್ಳುವ ಏರ್ಪಾಡೂ ಬೇಕು. 2016ರಲ್ಲಿ ಶುರುವಾದ ಉಜ್ವಲಾ ಯೋಜನೆಯಲ್ಲಿ ಬಡವರ ಮನೆಗೆ ಗ್ಯಾಸ್ ಸಂಪರ್ಕ ಬಂದಾಗಲೂ ಪ್ರಶ್ನೆ ಇದೇ ಆಗಿತ್ತು: ಮೊದಲ ಸಿಲಿಂಡರೇನೋ ಬಂತು, ಎರಡನೆಯದಕ್ಕೆ ದುಡ್ಡು?

ಪಟ್ಟಣದ ಮಾತಿಗೆ ಬಂದರೆ, ನಮ್ಮ ದೇಶದಲ್ಲಿ 1981ರ ವಾಯುಮಾಲಿನ್ಯ ಕಾಯಿದೆ ಹೆಚ್ಚಿನ ಅಧಿಕಾರವನ್ನು ರಾಜ್ಯದ ಮಂಡಳಿಗಳಿಗೆ ಕೊಟ್ಟಿತು. 2019ರಲ್ಲಿ ಬಂದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ಸೇರಿ ನಗರಪಾಲಿಕೆಗಳಿಗೂ ಮತ್ತೆ ಕೆಲಸ ಬಂತು. ಕಸಕ್ಕೆ ಬೆಂಕಿ ಹಚ್ಚುವುದನ್ನು 2016ರ ಘನತ್ಯಾಜ್ಯ ನಿಯಮಗಳು ನಿಷೇಧಿಸಿದವು. ಅದೇ ವರ್ಷ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಟ್ಟವರಿಗೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟವರಿಗೆ 25,000 ರೂಪಾಯಿ ದಂಡ ವಿಧಿಸಿತು. ದಂಡ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಚಳಿಗಾಲದ ಬೆಳಗ್ಗೆ ಬೀದಿ ಗುಡಿಸುವ ಹೆಂಗಸು ಮರದಡಿಯ ತರಗೆಲೆಯನ್ನು ರಾಶಿ ಮಾಡಿ ಕಡ್ಡಿ ಗೀರುವುದನ್ನು ಕಂಡಾಗ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಆ ರಾಶಿಯನ್ನು ಒಯ್ಯಲು ಗಾಡಿ ಬರುತ್ತದೆಯೆ? ಗಾಡಿ ಬಾರದೆ, ರಾಶಿ ಹಾಗೇ ಉಳಿದರೆ ಬೈಸಿಕೊಳ್ಳಬೇಕಾದವಳು ಅವಳೇ. ಬಸ್ಸು ಬಾರದ ಬಡಾವಣೆಯವನು ಸ್ಕೂಟರ್ ಹತ್ತುವುದೂ, ಕರೆಂಟು ನಿಲ್ಲುವ ಅಂಗಡಿಯವನು ಡೀಸೆಲ್ ಜನರೇಟರ್ ಇಡುವುದೂ ಇದೇ ಲೆಕ್ಕಕ್ಕೆ ಸೇರುತ್ತವೆ.

ಸೇಂಟ್ ಲೂಯಿಸಿನ ಟಕರ್ ಮೇಷ್ಟ್ರು ಕಟ್ಟಳೆಯನ್ನು ಕಟ್ಟುನಿಟ್ಟಾಗಿಯೇ ಜಾರಿ ಮಾಡಿದವರು. ಆದರೆ ಅದಕ್ಕೆ ಬಲ ಬಂದದ್ದು ಚಳಿಗಾಲ ಶುರುವಾಗುವ ಮೊದಲು ಬೇರೆ ಕಲ್ಲಿದ್ದಲು ಹೊತ್ತ ರೈಲುಗಳು ಊರಿಗೆ ಬಂದಿದ್ದರಿಂದ. ನಮ್ಮ ನಗರಪಾಲಿಕೆಗಳು ಹೊಗೆಯ ಬಗ್ಗೆ ಸಭೆ ಸೇರಿದಾಗ ದಂಡದ ಮೊತ್ತದ ಜೊತೆಗೆ ಬೆಳಗಿನ ಗಾಡಿಗಳ ಪಟ್ಟಿಯನ್ನೂ ಮೇಜಿನ ಮೇಲಿಟ್ಟುಕೊಳ್ಳಲಿ. ಯಾವ ಬೀದಿಗೆ ಗಾಡಿ ಹೋಗುವುದಿಲ್ಲವೋ ಅಲ್ಲಿಂದ ಕೆಲಸ ಶುರುವಾಗಲಿ.